ಎಚ್‌ಐವಿ ಇದೆ ಅಂತ ಫಾರಂನಲ್ಲಿ ಬರೆದರೆ ಇನ್ಶೂರೆನ್ಸ್ ಸಿಗುತ್ತಾ?

ಪ್ರಶ್ನೆ: ನನಗೆ 36 ವರ್ಷ. ಆರು ವರ್ಷದಿಂದ ಎಚ್‌ಐವಿ ಇದೆ. ಸರ್ಕಾರಿ ಎಆರ್‌ಟಿ (ಎಚ್‌ಐವಿ ಚಿಕಿತ್ಸೆ) ಕೇಂದ್ರದ ಮಾತ್ರೆ ತಗೊಳ್ಳುತ್ತಿದ್ದೇನೆ, ತಪ್ಪಿಸಿಲ್ಲ. ವೈರಲ್ ಲೋಡ್, ಅಂದರೆ ರಕ್ತದಲ್ಲಿರುವ ವೈರಸ್ ಪ್ರಮಾಣ, ಪತ್ತೆಯಾಗದಷ್ಟು ಕಡಿಮೆ ಇದೆ. ಹೆಂಡತಿ, ಮಗಳು ಇಬ್ಬರಿಗೂ ನೆಗೆಟಿವ್. ಈಗಿನ ಕೆಲಸದಲ್ಲಿ ಕಂಪನಿಯ ಗ್ರೂಪ್ ಇನ್ಶೂರೆನ್ಸ್ ಇದೆ. ಮುಂದಿನ ವರ್ಷ ಕೆಲಸ ಬಿಟ್ಟು ಸ್ವಂತ ವ್ಯವಹಾರ ಮಾಡಬೇಕು ಅಂದುಕೊಂಡಿದ್ದೇನೆ. ನಾಲ್ಕು ವರ್ಷದ ಹಿಂದೆ ನನ್ನ ಹೆಸರಲ್ಲಿ ಒಂದು ಆರೋಗ್ಯ ಪಾಲಿಸಿ ಮಾಡಿಸಿದ್ದೆ. ಆಗ ಏಜೆಂಟ್ "ಎಚ್‌ಐವಿ ಅಂತ ಬರೀಬೇಡಿ ಸಾರ್, ಯಾರಿಗೂ ಗೊತ್ತಾಗಲ್ಲ" ಅಂದರು. ನಾನೂ ಬರೆಯಲಿಲ್ಲ. ಈಗ ಅದೇ ಭಯ. ನನ್ನಂಥವರಿಗೆ ನೇರ ದಾರಿಯಲ್ಲಿ ಪಾಲಿಸಿ ಸಿಗುತ್ತದಾ? ಆ ಹಳೆ ಪಾಲಿಸಿಯನ್ನು ಏನು ಮಾಡಲಿ?

ಉತ್ತರ: ಮೊದಲು ನಿಮ್ಮ ಏಜೆಂಟ್ ಹೇಳಿದ ಮಾತನ್ನೇ ನೋಡೋಣ. "ಯಾರಿಗೂ ಗೊತ್ತಾಗಲ್ಲ" ಅನ್ನುವುದು ಪಾಲಿಸಿ ಮಾರುವ ದಿನ ಮಾತ್ರ ನಿಜ. ನಾನು ಸುಮಾರು ವರ್ಷ ಕ್ಲೇಮ್ ಫೈಲ್‌ಗಳನ್ನು ನೋಡುವ ಕೆಲಸ ಮಾಡಿದವನು. ಎಚ್‌ಐವಿ ಮುಚ್ಚಿಟ್ಟಿರುವುದು ಹೇಗೆ ಹೊರಗೆ ಬರುತ್ತದೆ ಗೊತ್ತಾ? ಯಾರೂ ಪತ್ತೇದಾರಿಕೆ ಮಾಡುವುದಿಲ್ಲ. ನಿಮಗೆ ಅಪೆಂಡಿಕ್ಸ್ ಆಪರೇಷನ್ ಆಗುತ್ತದೆ ಅಂತಿಟ್ಟುಕೊಳ್ಳಿ. ಡಾಕ್ಟರ್ "ಈಗ ಯಾವ ಮಾತ್ರೆ ತಗೊಳ್ತಿದ್ದೀರಿ?" ಅಂತ ಕೇಳುತ್ತಾರೆ. ಅದು ಕೇಳಲೇಬೇಕಾದ ಪ್ರಶ್ನೆ, ನೀವೂ ನಿಜ ಹೇಳುತ್ತೀರಿ. ಕೇಸ್ ಶೀಟಿನಲ್ಲಿ "ಆರ್‌ವಿಡಿ, ಆನ್ ಎಆರ್‌ಟಿ" ಅಂತ ಬರುತ್ತದೆ. ಆರ್‌ವಿಡಿ ಅಂದರೆ ರೆಟ್ರೋವೈರಲ್ ಡಿಸೀಸ್. ಪಕ್ಕದ ಬೆಡ್ಡಿನವರಿಗೆ ತಿಳಿಯದಿರಲಿ ಅಂತ ಆಸ್ಪತ್ರೆಯವರು ಬಳಸುವ ಮಾತು ಇದು. ಆದರೆ ಕ್ಲೇಮ್ ನೋಡುವವರಿಗೆ ಈ ಮೂರಕ್ಷರದ ಅರ್ಥ ಚೆನ್ನಾಗಿ ಗೊತ್ತು. ಕೆಲವೊಮ್ಮೆ ಅಷ್ಟೂ ಬೇಕಿಲ್ಲ. ಡಿಸ್ಚಾರ್ಜ್ ಸಮ್ಮರಿಯಲ್ಲಿ ಟೆನೊಫೊವಿರ್, ಲ್ಯಾಮಿವುಡಿನ್, ಡೊಲುಟೆಗ್ರಾವಿರ್ ಅಂತ ಮೂರು ಹೆಸರಿದ್ದರೆ ಸಾಕು. "ಎಷ್ಟು ವರ್ಷದಿಂದ" ಅಂತ ಒಂದು ಪ್ರಶ್ನೆ ಬರುತ್ತದೆ. ಉತ್ತರ ಪಾಲಿಸಿಗಿಂತ ಹಳೆಯದಾದರೆ ಅಪೆಂಡಿಕ್ಸ್ ಕ್ಲೇಮೂ ಹೋಗುತ್ತದೆ, ಪಾಲಿಸಿಯೂ ಹೋಗುತ್ತದೆ.

ಇಲ್ಲಿ ಒಂದು ವಿಷಯ ಗಮನಿಸಿ. ಕಂಪನಿ ತಿರಸ್ಕರಿಸಿದ್ದು ಎಚ್‌ಐವಿ ಇದೆ ಅಂತ ಅಲ್ಲ, ಹೇಳಲಿಲ್ಲ ಅಂತ. ಎಚ್‌ಐವಿಗೂ ಅಪೆಂಡಿಕ್ಸಿಗೂ ಸಂಬಂಧವೇ ಇಲ್ಲ. ನಿಜ ಬರೆದಿದ್ದರೆ ಆ ದುಡ್ಡು ಬರುತ್ತಿತ್ತು.

ಈಗ ನಿಮಗೆ ಇನ್ಶೂರೆನ್ಸ್ ಯಾತಕ್ಕೆ ಬೇಕು ಅನ್ನುವುದನ್ನು ಸ್ಪಷ್ಟ ಮಾಡಿಕೊಳ್ಳೋಣ. ತುಂಬಾ ಜನ ಇಲ್ಲೇ ಎಡವುತ್ತಾರೆ. "ಎಚ್‌ಐವಿ ಕವರ್ ಆಗುತ್ತಾ" ಅಂತ ಕೇಳುತ್ತಾರೆ, "ಇಲ್ಲ" ಅಂದ ಕೂಡಲೇ ಎದ್ದು ಬರುತ್ತಾರೆ. ಆದರೆ ನಿಮ್ಮ ದಿನದ ಮಾತ್ರೆಗೆ ಇನ್ಶೂರೆನ್ಸ್ ಬೇಕಾಗಿಯೇ ಇಲ್ಲ. 2004ರ ಏಪ್ರಿಲ್‌ನಿಂದ ಸರ್ಕಾರವೇ ಎಆರ್‌ಟಿಯನ್ನು ಉಚಿತವಾಗಿ ಕೊಡುತ್ತಿದೆ. ಮೊದಲ ಹಂತದ ಮಾತ್ರೆ ಕೆಲಸ ಮಾಡದಿದ್ದರೆ ಎರಡನೆಯ, ಮೂರನೆಯ ಹಂತದ್ದೂ ಅಲ್ಲೇ ಸಿಗುತ್ತದೆ. ಸಿಡಿ4 (ರೋಗನಿರೋಧಕ ಕಣಗಳ ಎಣಿಕೆ), ವೈರಲ್ ಲೋಡ್ ಪರೀಕ್ಷೆಗಳೂ ಪುಕ್ಕಟೆ. 2017ರಿಂದ ಸಿಡಿ4 ಎಷ್ಟೇ ಇರಲಿ, ಪಾಸಿಟಿವ್ ಅಂತ ಗೊತ್ತಾದ ಕೂಡಲೇ ಚಿಕಿತ್ಸೆ ಶುರು ಮಾಡುತ್ತಾರೆ. ಹಾಗಾಗಿ ಖಾಸಗಿ ಪಾಲಿಸಿಯಲ್ಲಿ ಎಆರ್‌ಟಿ ಖರ್ಚು ಸೇರಿಲ್ಲ ಅಂದರೆ ಅದಕ್ಕೆ ಅಷ್ಟು ಬೇಸರ ಪಡಬೇಕಿಲ್ಲ.

ನಿಮಗೆ ಹೊರೆಯಾಗುವುದು ಬೇರೆಯದು. ಎಲ್ಲರಿಗೂ ಬರುವಂಥದ್ದೇ: ಡೆಂಗಿ, ಬೈಕ್ ಆಕ್ಸಿಡೆಂಟ್, ಕಿಡ್ನಿ ಕಲ್ಲು, ಹಾರ್ಟಿನ ತೊಂದರೆ. ಮಾತ್ರೆ ಸರಿಯಾಗಿ ತಗೊಳ್ಳುವವರು ಈಗ ಉಳಿದವರ ಹಾಗೇ ವಯಸ್ಸಾಗುವವರೆಗೆ ಬದುಕುತ್ತಾರೆ. ಅಂದ ಮೇಲೆ ವಯಸ್ಸಾದವರಿಗೆ ಬರುವ ಕಾಯಿಲೆಗಳೂ ಬರುತ್ತವೆ, ಅಲ್ವಾ? ನಿಮಗೆ ಪಾಲಿಸಿ ಬೇಕಾಗಿರುವುದು ಅದಕ್ಕೆ. ಆದ್ದರಿಂದ "ಎಚ್‌ಐವಿಗೆ ಕವರ್ ಇದೆಯಾ" ಅಂತ ಕೇಳುವ ಬದಲು "ಎಚ್‌ಐವಿ ಇದೆ ಅಂತ ಗೊತ್ತಿದ್ದೂ ನನಗೆ ಪಾಲಿಸಿ ಕೊಡುತ್ತೀರಾ, ಕೊಟ್ಟರೆ ಏನನ್ನು ಬಿಡುತ್ತೀರಿ" ಅಂತ ಕೇಳಿ.

ಇನ್ನು ಕಾನೂನು. ಎಚ್‌ಐವಿ ಮತ್ತು ಏಡ್ಸ್ (ತಡೆ ಮತ್ತು ನಿಯಂತ್ರಣ) ಕಾಯ್ದೆ 2017ರಲ್ಲಿ ಪಾಸಾಯಿತು, 2018ರ ಸೆಪ್ಟೆಂಬರ್ 10ರಂದು ಜಾರಿಗೆ ಬಂತು. ಅದರ 3ನೇ ಸೆಕ್ಷನ್ನು ಯಾವ್ಯಾವುದು ತಾರತಮ್ಯ ಅಂತ ಹೇಳುತ್ತದೆ. ಕೆಲಸ, ಶಾಲೆ, ಬಾಡಿಗೆ ಮನೆ, ಆಸ್ಪತ್ರೆಯ ಜೊತೆಗೆ ವಿಮೆಯೂ ಅಲ್ಲಿದೆ. ವಿಮೆ ನಿರಾಕರಿಸುವುದು ಅಥವಾ ಅನ್ಯಾಯದ ಷರತ್ತು ಹಾಕುವುದು ತಪ್ಪು. ಆದರೆ ಅಲ್ಲೇ ಒಂದು ಸಣ್ಣ ಬಾಗಿಲನ್ನು ತೆರೆದಿಟ್ಟಿದ್ದಾರೆ. ಆಕ್ಚುಯರಿಗಳ ಅಧ್ಯಯನದ ಆಧಾರ ಇದ್ದರೆ ಕಂಪನಿ ವ್ಯತ್ಯಾಸ ಮಾಡಬಹುದು. ಆಕ್ಚುಯರಿ ಅಂದರೆ ಎಷ್ಟು ಜನಕ್ಕೆ ಎಷ್ಟು ಖರ್ಚು ಬರಬಹುದು ಅಂತ ಅಂಕಿ ಅಂಶ ಹಿಡಿದು ಲೆಕ್ಕ ಹಾಕುವವರು. ಅಂದರೆ "ಎಚ್‌ಐವಿನಾ? ಆಗಲ್ಲ" ಅಂತ ಕೌಂಟರಿನಲ್ಲಿ ಕೂತವರು ಬಾಯಿಮಾತಿನಲ್ಲಿ ಹೇಳಿ ಕಳಿಸುವಂತಿಲ್ಲ. ಲೆಕ್ಕ ಇರಬೇಕು.

ಕಾನೂನು ಇಷ್ಟು ಹೇಳಿದರೂ ಕಂಪನಿಗಳು ಒಂದೇ ದಿನದಲ್ಲಿ ಬದಲಾಗಲಿಲ್ಲ. 2019ರಲ್ಲಿ ವಿಮಾ ನಿಯಂತ್ರಕ ಸಂಸ್ಥೆ ಐಆರ್‌ಡಿಎಐ ಒಂದು ಮಾರ್ಗಸೂಚಿ ತಂದಿತು. ಮೊದಲೇ ಇದ್ದರೆ ಶಾಶ್ವತವಾಗಿ ಹೊರಗಿಡಬಹುದಾದ 16 ಕಾಯಿಲೆಗಳ ಪಟ್ಟಿ ಅದರಲ್ಲಿತ್ತು, ಎಚ್‌ಐವಿಯೂ ಅದರಲ್ಲಿ ಒಂದು. ಓದಿದರೆ ಸಿಟ್ಟು ಬರುತ್ತದೆ. ನನಗೂ ಬಂದಿತ್ತು. ಆದರೆ ಅದರ ಉದ್ದೇಶ ಸ್ವಲ್ಪ ಬೇರೆ. ಮುಂಚೆ ಇಂಥ ಕಾಯಿಲೆ ಇದ್ದವರ ಅರ್ಜಿಯನ್ನೇ ಕಂಪನಿಗಳು ಎತ್ತಿ ಪಕ್ಕಕ್ಕಿಡುತ್ತಿದ್ದವು. "ಆ ಒಂದು ಕಾಯಿಲೆ ಬಿಡಿ, ಉಳಿದದ್ದಕ್ಕಾದರೂ ಪಾಲಿಸಿ ಕೊಡಿ" ಅನ್ನುವುದು ಆ ಪಟ್ಟಿಯ ಹಿಂದಿನ ಲೆಕ್ಕ. ಕಂಪನಿಗಳು ಮೊದಲ ಅರ್ಧವನ್ನು ಚೆನ್ನಾಗಿ ನೆನಪಿಟ್ಟುಕೊಂಡವು, ಎರಡನೆಯದನ್ನು ಮರೆತವು.

2023ರ ಫೆಬ್ರವರಿಯಲ್ಲಿ ಐಆರ್‌ಡಿಎಐ ಇನ್ನೊಂದು ಹೆಜ್ಜೆ ಇಟ್ಟಿತು. ಅಂಗವಿಕಲರು, ಎಚ್‌ಐವಿ ಇರುವವರು, ಮಾನಸಿಕ ಕಾಯಿಲೆ ಇರುವವರು, ಇವರಿಗಾಗಿ ಪ್ರತಿ ಜನರಲ್ ಇನ್ಶೂರೆನ್ಸ್ ಮತ್ತು ಆರೋಗ್ಯ ವಿಮಾ ಕಂಪನಿಯೂ ಒಂದು ಪಾಲಿಸಿ ಇಟ್ಟಿರಲೇಬೇಕು ಅಂತ ಹೇಳಿತು. ಮಾದರಿಯನ್ನೂ ತಾನೇ ಕೊಟ್ಟಿತು. 2024ರ ಮೇ ತಿಂಗಳ ಮಾಸ್ಟರ್ ಸರ್ಕ್ಯುಲರ್ ಬಂದ ಮೇಲಂತೂ ಎಲ್ಲ ವಯಸ್ಸಿನವರಿಗೂ, ಮೊದಲೇ ಕಾಯಿಲೆ ಇರುವವರಿಗೂ ಪಾಲಿಸಿಗಳು ಇರಬೇಕು ಅನ್ನುವುದೇ ನಿಯಮ. ಆದರೆ ಈ ವಿಶೇಷ ಪಾಲಿಸಿಗಳನ್ನು ಏಜೆಂಟರು ತಾವಾಗಿ ಎತ್ತಿ ತೋರಿಸುವುದು ಕಡಿಮೆ. ಎಷ್ಟೋ ಜನರಿಗೆ ಇದೆ ಅಂತಲೇ ಗೊತ್ತಿಲ್ಲ. ಕಂಪನಿಯ ವೆಬ್‌ಸೈಟಿನಲ್ಲಿ ಪಾಲಿಸಿಗಳ ಪೂರ್ತಿ ಪಟ್ಟಿ ಇರುತ್ತದೆ, ಅಲ್ಲಿ ಹುಡುಕಿ. ಇಲ್ಲ ಅಂದರೆ ಇಮೇಲ್ ಮಾಡಿ, "2023ರ ಐಆರ್‌ಡಿಎಐ ಸೂಚನೆಯಂತೆ ಎಚ್‌ಐವಿ ಇರುವವರಿಗೆ ನಿಮ್ಮ ಪಾಲಿಸಿ ಯಾವುದು" ಅಂತ ಕೇಳಿ. ಫೋನಿನಲ್ಲಿ ಕೇಳಬೇಡಿ. ಫೋನಿನಲ್ಲಿ ಹೇಳಿದ "ಇಲ್ಲ"ಕ್ಕೆ ದಾಖಲೆ ಇರುವುದಿಲ್ಲ.

ನನ್ನ ಅಭಿಪ್ರಾಯ ಕೇಳಿದರೆ, ಈ ವಿಶೇಷ ಪಾಲಿಸಿಗಳು ಬಹಳ ದೊಡ್ಡ ಮೊತ್ತದವಲ್ಲ. ಕ್ಲೇಮಿನಲ್ಲಿ ಒಂದು ಪಾಲನ್ನು ನೀವೇ ಕಟ್ಟಬೇಕಾದ ಷರತ್ತೂ ಇರಬಹುದು, ಅದನ್ನು ಕೋ-ಪೇ ಅನ್ನುತ್ತಾರೆ. ಹಾಗಾಗಿ ಮೊದಲು ಮಾಮೂಲಿ ಪಾಲಿಸಿಗೇ ಪ್ರಯತ್ನ ಮಾಡಿ. ನಿಮ್ಮ ವಯಸ್ಸು ಕಡಿಮೆ, ವೈರಲ್ ಲೋಡ್ ಹತೋಟಿಯಲ್ಲಿದೆ, ಬೇರೆ ಕಾಯಿಲೆ ಇಲ್ಲ. ಇದು ಕೇಳಲು ಯೋಗ್ಯವಾದ ಅರ್ಜಿಯೇ. ಅರ್ಜಿ ಜೊತೆ ಬರೀ "ಎಚ್‌ಐವಿ ಇದೆ" ಅಂತ ಟಿಕ್ ಹಾಕಿ ಕಳಿಸಬೇಡಿ. ಕಳೆದ ಮೂರು ನಾಲ್ಕು ವರ್ಷದ ವೈರಲ್ ಲೋಡ್, ಸಿಡಿ4 ವರದಿ, ಎಆರ್‌ಟಿ ಪುಸ್ತಕದ ಪ್ರತಿ ಲಗತ್ತಿಸಿ. ಟಿಬಿ, ಹೆಪಟೈಟಿಸ್ ಬಿ, ಸಿ ಇಲ್ಲ ಅನ್ನುವ ವರದಿಯೂ ಇರಲಿ. ಅರ್ಜಿ ನೋಡುವ ಅಂಡರ್‌ರೈಟರ್‌ಗೆ ಖಾಲಿ ಜಾಗ ಕಂಡರೆ ಕೆಟ್ಟದ್ದನ್ನೇ ಊಹಿಸಿಕೊಳ್ಳುತ್ತಾರೆ. ವರದಿ ಮುಂದಿದ್ದರೆ ಊಹೆಗೆ ಜಾಗ ಇರುವುದಿಲ್ಲ. ಪ್ರೀಮಿಯಂ ಸ್ವಲ್ಪ ಜಾಸ್ತಿ ಕೇಳಬಹುದು, ಅದಕ್ಕೆ ಲೋಡಿಂಗ್ ಅನ್ನುತ್ತಾರೆ. ಕೆಲವು ಕಂಪನಿಗಳು ಇಲ್ಲ ಅನ್ನಬಹುದು, ಇನ್ನೊಂದು ಹೂಂ ಅನ್ನಬಹುದು. ಒಂದೊಂದರ ಲೆಕ್ಕ ಒಂದೊಂದು ಥರ. ಒಂದು ಸಮಾಧಾನದ ವಿಷಯ ಅಂದರೆ, 2025ರ ಸೆಪ್ಟೆಂಬರ್ 22ರಿಂದ ವೈಯಕ್ತಿಕ ಆರೋಗ್ಯ ಪಾಲಿಸಿಗಳ ಮೇಲೆ ಜಿಎಸ್‌ಟಿ ಇಲ್ಲ. ಮುಂಚೆ ಅದೇ 18 ಪರ್ಸೆಂಟ್ ಹೋಗುತ್ತಿತ್ತು.

ಕಂಪನಿ ರಕ್ತ ಪರೀಕ್ಷೆ ಕೇಳಿದರೆ, ಎಚ್‌ಐವಿ ಪರೀಕ್ಷೆಗೆ ನಿಮ್ಮ ಒಪ್ಪಿಗೆ ಬೇಕೇ ಬೇಕು. ಸುಮ್ನೆ ಉಳಿದ ಪರೀಕ್ಷೆಗಳ ಜೊತೆ ಸೇರಿಸಿ ಮಾಡುವಂತಿಲ್ಲ. ನಿಮ್ಮ ಸ್ಥಿತಿಯನ್ನು ನಿಮ್ಮ ಒಪ್ಪಿಗೆ ಇಲ್ಲದೆ ಬೇರೆಯವರಿಗೆ ಹೇಳುವುದಕ್ಕೂ ಅದೇ ಕಾಯ್ದೆ ಅಡ್ಡ ನಿಲ್ಲುತ್ತದೆ.

ಪಾಲಿಸಿ ಕೈಗೆ ಬಂದ ದಿನ ಮೂರು ಅಂಕಿ ಹುಡುಕಿ. ಮೊದಲನೆಯದು 30. ಪಾಲಿಸಿ ಕೈಗೆ ಬಂದ 30 ದಿನದೊಳಗೆ ಷರತ್ತು ಇಷ್ಟ ಆಗದಿದ್ದರೆ ವಾಪಸ್ ಮಾಡಬಹುದು. ಶುರುವಾದ ಮೊದಲ 30 ದಿನ ಆಕ್ಸಿಡೆಂಟ್ ಬಿಟ್ಟು ಬೇರೆ ಕಾಯಿಲೆಗೆ ಸಾಮಾನ್ಯವಾಗಿ ಕ್ಲೇಮ್ ಇರುವುದಿಲ್ಲ. ಎರಡನೆಯದು 36. ಮೊದಲೇ ಇದ್ದ ಕಾಯಿಲೆಗೆ ಕಾಯುವ ಅವಧಿ ಹೆಚ್ಚೆಂದರೆ 36 ತಿಂಗಳು. 2024ಕ್ಕೆ ಮುಂಚೆ ಇದು 48 ಇತ್ತು. ಮೂರನೆಯದು 60. ಐದು ವರ್ಷ ಬಿಡದೆ ಪಾಲಿಸಿ ನಡೆದ ಮೇಲೆ "ಆಗ ಹೇಳಿರಲಿಲ್ಲ" ಅಂತ ಕ್ಲೇಮ್ ತಿರಸ್ಕರಿಸುವಂತಿಲ್ಲ, ವಂಚನೆ ಅಂತ ಸಾಬೀತಾದರೆ ಮಾತ್ರ ಬೇರೆ. ಮುಂಚೆ ಇದು ಎಂಟು ವರ್ಷ ಇತ್ತು. ಈ ಅಂಕಿ ಬಗ್ಗೆ ಕೊನೆಯಲ್ಲಿ ಮತ್ತೆ ಬರುತ್ತೇನೆ, ಯಾಕೆಂದರೆ ನಿಮ್ಮ ಕಣ್ಣು ಅಲ್ಲೇ ನಿಂತಿರುತ್ತದೆ ಅಂತ ನನಗೆ ಗೊತ್ತು.

36 ತಿಂಗಳ ಅವಧಿಯಲ್ಲೇ ಜಗಳಗಳು ಜಾಸ್ತಿ. ಡೆಂಗಿಗೆ ಅಡ್ಮಿಟ್ ಆದರೂ "ಎಚ್‌ಐವಿಯಿಂದ ರೋಗನಿರೋಧಕ ಶಕ್ತಿ ಕಡಿಮೆ, ಅದಕ್ಕೇ ಬಂತು" ಅಂತ ಬರೆದು ಕಳಿಸಿದ ಫೈಲುಗಳನ್ನು ನೋಡಿದ್ದೇನೆ. ಇದಕ್ಕೆ ಮದ್ದು ಆಸ್ಪತ್ರೆಯಲ್ಲೇ ಇದೆ. ಡಿಸ್ಚಾರ್ಜ್‌ಗೆ ಮುಂಚೆ ಡಾಕ್ಟರ ಹತ್ತಿರ ಒಂದು ಸಾಲು ಬರೆಸಿಕೊಳ್ಳಿ: ಈಗಿನ ಕಾಯಿಲೆ ಏನು, ಅದಕ್ಕೂ ಎಚ್‌ಐವಿಗೂ ಸಂಬಂಧ ಇದೆಯೋ ಇಲ್ಲವೋ, ಕೊನೆಯ ವೈರಲ್ ಲೋಡ್ ಎಷ್ಟು. ಮನೆಗೆ ಬಂದ ಮೇಲೆ ಈ ಸಾಲು ಬರೆಸುವುದು ಕಷ್ಟ, ಡಾಕ್ಟರ್ ಸಿಗುವುದಿಲ್ಲ. ಟಿಬಿ, ಕೆಲವು ನ್ಯುಮೋನಿಯಾ ಇವು ಬೇರೆ ಮಾತು. ಇವುಗಳ ನಂಟು ಗಟ್ಟಿಯಾಗಿರಬಹುದು, ಅಲ್ಲಿ ಕಾಯುವ ಅವಧಿಯ ಷರತ್ತು ಲಾಗೂ ಆಗಬಹುದು.

ಬಿಲ್ಲನ್ನೂ ಒಮ್ಮೆ ನೋಡಿ. ಎಚ್‌ಐವಿ ಅಂತ ಗೊತ್ತಾದ ಕೂಡಲೇ ಕೆಲವು ಆಸ್ಪತ್ರೆಗಳು "ವಿಶೇಷ ಕಿಟ್" ಅಂತ ದೊಡ್ಡ ಮೊತ್ತ ಸೇರಿಸುತ್ತವೆ. ಗ್ಲೌಸ್, ಗೌನ್, ಕನ್ನಡಕ. ರಕ್ತ ಮುಟ್ಟುವ ಕೆಲಸದಲ್ಲಿ ಈ ಎಚ್ಚರಿಕೆ ಎಲ್ಲ ರೋಗಿಗಳಿಗೂ ಒಂದೇ ಥರ ಇರಬೇಕು, ಅದಕ್ಕೆ ನಿಮ್ಮೊಬ್ಬರಿಗೆ ಬೇರೆ ರೇಟು ಹಾಕುವುದು ಸರಿಯಲ್ಲ. ಕಂಪನಿಯೂ ಅದನ್ನು ಕೊಡದೆ ಕಟ್ ಮಾಡಬಹುದು. ಕೊನೆಗೆ ನಿಮ್ಮ ಜೇಬಿಗೇ ಬೀಳುತ್ತದೆ. ಪ್ರಶ್ನೆ ಮಾಡಿ.

ನಿಮ್ಮ ಗ್ರೂಪ್ ಇನ್ಶೂರೆನ್ಸ್ ವಿಷಯ. ಉದ್ಯೋಗದಾತರು ಕೊಡುವ ಗ್ರೂಪ್ ಪಾಲಿಸಿಗಳಲ್ಲಿ ಬಹಳಷ್ಟು ಕಡೆ ಮೊದಲೇ ಇದ್ದ ಕಾಯಿಲೆಗೆ ಮೊದಲ ದಿನದಿಂದಲೇ ಕವರ್ ಇರುತ್ತದೆ. ನಿಮ್ಮದರಲ್ಲಿ ಎಚ್‌ಐವಿಯನ್ನು ಹೊರಗಿಟ್ಟಿದ್ದಾರಾ ಅಂತ ಪಾಲಿಸಿ ಕಾಗದದಲ್ಲಿ ನೋಡಿ. ಎಚ್‌ಆರ್‌ಗೆ ಕೇಳುವಾಗ "ಎಚ್‌ಐವಿ" ಅಂತ ಕೇಳಬೇಕಿಲ್ಲ. "ಪೂರ್ತಿ ಪಾಲಿಸಿ ಪ್ರತಿ ಕೊಡಿ" ಅಂದರೆ ಸಾಕು. ಕ್ಲೇಮ್ ಬಂದರೆ ಕಾಗದಗಳನ್ನು ಎಚ್‌ಆರ್ ಕೈಯಲ್ಲಿ ಕೊಡಬೇಡಿ, ಟಿಪಿಎಗೆ ನೇರವಾಗಿ ಕಳಿಸಿ. ಟಿಪಿಎ ಅಂದರೆ ವಿಮಾ ಕಂಪನಿಯ ಪರವಾಗಿ ಕ್ಲೇಮ್ ಕೆಲಸ ನೋಡಿಕೊಳ್ಳುವ ಸಂಸ್ಥೆ.

ಕೆಲಸ ಬಿಡುವ ಮುಂಚೆ ಇನ್ನೊಂದು ದಾರಿ ಇದೆ. ಗ್ರೂಪ್ ಪಾಲಿಸಿಯಿಂದ ಅದೇ ಕಂಪನಿಯ ವೈಯಕ್ತಿಕ ಪಾಲಿಸಿಗೆ ಬದಲಾಗಲು ಅರ್ಜಿ ಹಾಕಬಹುದು. ಗ್ರೂಪಿನಲ್ಲಿ ಕಳೆದ ವರ್ಷಗಳು ಕಾಯುವ ಅವಧಿಯಲ್ಲಿ ಲೆಕ್ಕಕ್ಕೆ ಸಿಗುತ್ತವೆ. ಕಂಪನಿ ಅಂಡರ್‌ರೈಟಿಂಗ್ ಮಾಡುತ್ತದೆ, ಖಂಡಿತ ಕೊಡುತ್ತಾರೆ ಅಂತ ಹೇಳಲಾರೆ. ಆದರೆ ರಾಜೀನಾಮೆ ಕೊಟ್ಟ ಮೇಲೆ ಓಡಾಡಬೇಡಿ. ಎರಡು ತಿಂಗಳಾದರೂ ಮುಂಚೆ ಬರವಣಿಗೆಯಲ್ಲಿ ಕೇಳಿ.

ಹೆಂಡತಿ ಮಗಳನ್ನು ನಿಮ್ಮ ಜೊತೆ ಒಂದೇ ಫ್ಲೋಟರ್ (ಇಡೀ ಕುಟುಂಬಕ್ಕೆ ಸೇರಿ ಒಂದೇ ಮೊತ್ತದ) ಪಾಲಿಸಿಗೆ ಸೇರಿಸಬೇಡಿ. ಅವರಿಬ್ಬರಿಗೆ ಬೇರೆ ಪಾಲಿಸಿ ಮಾಡಿಸಿ. ಅವರ ಫಾರಂನಲ್ಲಿ ಕೇಳುವುದು ಅವರ ಆರೋಗ್ಯ, ಅವರ ಉತ್ತರ ನಿಜವಾಗಿಯೂ "ಇಲ್ಲ". ನಿಮ್ಮ ಅರ್ಜಿ ತಡವಾದರೂ, ತಿರಸ್ಕಾರವಾದರೂ ಅವರು ಬರಿಗೈಯಲ್ಲಿ ಉಳಿಯುವುದಿಲ್ಲ.

ಸರ್ಕಾರದ ದಾರಿಯೂ ಇದೆ. ನಿಮಗೆ ಅನ್ವಯಿಸದೆ ಇರಬಹುದು, ಓದುವ ಬೇರೆಯವರಿಗೆ ಬೇಕು. ಸಂಬಳ ತಿಂಗಳಿಗೆ 21,000 ರೂಪಾಯಿವರೆಗೆ ಇದ್ದು ಇಎಸ್‌ಐ ಕಟ್ಟುತ್ತಿದ್ದರೆ, ಅಲ್ಲಿ ಎಚ್‌ಐವಿ ಕಾರಣಕ್ಕೆ ಹೊರಗಿಡುವುದಿಲ್ಲ. ಆಯುಷ್ಮಾನ್ ಭಾರತ್ ಯೋಜನೆಯಲ್ಲಿ ಅರ್ಹ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿ ಇದೆ, ಮೊದಲೇ ಇದ್ದ ಕಾಯಿಲೆಗೂ ಮೊದಲ ದಿನದಿಂದ ಅನ್ವಯ. ಕಾಯುವ ಅವಧಿಯೂ ಇಲ್ಲ, ಫಾರಂನಲ್ಲಿ ಕಾಯಿಲೆ ಕೇಳುವುದೂ ಇಲ್ಲ. ಖಾಸಗಿ ಕಂಪನಿಯವರು ಇಷ್ಟು ವರ್ಷ "ಆಗಲ್ಲ" ಅಂದದ್ದನ್ನು ಇಲ್ಲಿ ಮಾಡುತ್ತಿದ್ದಾರೆ.

ಅರ್ಜಿ ತಿರಸ್ಕಾರವಾದರೆ ಕಾರಣವನ್ನು ಬರವಣಿಗೆಯಲ್ಲಿ ಕೇಳಿ. ಮೊದಲು ಕಂಪನಿಯ ದೂರು ವಿಭಾಗಕ್ಕೆ ಬರೆಯಿರಿ, ನಂತರ ಐಆರ್‌ಡಿಎಐನ ಬಿಮಾ ಭರೋಸಾ ಪೋರ್ಟಲ್. ಕ್ಲೇಮ್ ಜಗಳವಾದರೆ ವಿಮಾ ಒಂಬುಡ್ಸ್‌ಮನ್, ಅಂದರೆ ದೂರು ವಿಚಾರಿಸಿ ತೀರ್ಮಾನ ಹೇಳುವ ಅಧಿಕಾರಿ, ಅವರ ಹತ್ತಿರ ಹೋಗಬಹುದು. ಫೀಸ್ ಇಲ್ಲ, ವಕೀಲರೂ ಬೇಡ, 50 ಲಕ್ಷದವರೆಗೆ ಪರಿಹಾರ ಕೊಡಿಸುವ ಅಧಿಕಾರ ಇದೆ. ಕಂಪನಿ ತಿರಸ್ಕರಿಸಿದ ಒಂದು ವರ್ಷದೊಳಗೆ ಹೋಗಬೇಕು. ಎಚ್‌ಐವಿ ಕಾಯ್ದೆಯ ಕೆಳಗೆ ರಾಜ್ಯ ಸರ್ಕಾರ ನೇಮಿಸುವ ಒಂಬುಡ್ಸ್‌ಮನ್ ಬೇರೆ, ಇವರನ್ನು ಗೊಂದಲ ಮಾಡಿಕೊಳ್ಳಬೇಡಿ. ತಾರತಮ್ಯದ ದೂರು ಅಲ್ಲಿಗೆ ಕೊಡಬಹುದು, 30 ದಿನದೊಳಗೆ ಆದೇಶ ಮಾಡಬೇಕು. ಆಸ್ಪತ್ರೆ ಸೇರಿಸಿಕೊಳ್ಳುತ್ತಿಲ್ಲ ಅನ್ನುವಂಥ ತುರ್ತು ಇದ್ದರೆ ಸಾಧ್ಯವಾದಷ್ಟು 24 ಗಂಟೆಯೊಳಗೆ. ಕೋರ್ಟಿಗೆ ಹೋಗಬೇಕಾಗಿ ಬಂದರೂ ನಿಜ ಹೆಸರು ಬಯಲಾಗುತ್ತದೆ ಅಂತ ಹೆದರಬೇಡಿ. ಬೇರೆ ಹೆಸರಿನಲ್ಲಿ ಕೇಸ್ ನಡೆಸಲು ಕಾಯ್ದೆಯಲ್ಲೇ ಅವಕಾಶ ಇದೆ. ಎಲ್ಲಿಂದ ಶುರು ಮಾಡಬೇಕು ಅಂತ ತಿಳಿಯದಿದ್ದರೆ ನ್ಯಾಕೋದ (ರಾಷ್ಟ್ರೀಯ ಏಡ್ಸ್ ನಿಯಂತ್ರಣ ಸಂಸ್ಥೆ) ಉಚಿತ ಸಹಾಯವಾಣಿ 1097.

ಈಗ ಹಳೆ ಪಾಲಿಸಿ. 48 ತಿಂಗಳು ಮುಗಿದಿದೆ. ಇನ್ನು 12 ತಿಂಗಳು ಸುಮ್ಮನಿದ್ದರೆ 60 ಆಗುತ್ತದೆ, ಅಲ್ಲಿಗೆ ಪಾರು ಅಂತ ನಿಮ್ಮ ಏಜೆಂಟ್ ಹೇಳಬಹುದು. ಹೇಳಿಯೂ ಇರಬಹುದು. ನಾನು ಹಾಗೆ ಹೇಳುವುದಿಲ್ಲ. ಆ 12 ತಿಂಗಳಲ್ಲಿ ಏನಾದರೂ ಆದರೆ ಕ್ಲೇಮ್ ನಿಲ್ಲುವುದಿಲ್ಲ. 60 ದಾಟಿದ ಮೇಲೂ ವಂಚನೆ ಅನ್ನುವ ಬಾಗಿಲು ತೆರೆದೇ ಇರುತ್ತದೆ. ಎರಡು ವರ್ಷ ಮಾತ್ರೆ ನುಂಗುತ್ತಿದ್ದವರು ಫಾರಂನಲ್ಲಿ "ಇಲ್ಲ" ಅಂತ ಬರೆದರೆ ಅದನ್ನು ಮರೆವು ಅಂತ ವಾದಿಸುವುದು ಕಷ್ಟ. ಏಜೆಂಟ್ ಹೇಳಿದರು ಅನ್ನುವುದೂ ನಿಲ್ಲುವುದಿಲ್ಲ, ಸಹಿ ನಿಮ್ಮದು. (ಪಾಲಿಸಿ ಮಾಡಿಸಿದ ನಂತರ ಎಚ್‌ಐವಿ ಪತ್ತೆಯಾದವರು ಇದನ್ನು ಓದಿ ಗಾಬರಿಯಾಗಬೇಡಿ. ನಿಮ್ಮದು ಮೊದಲೇ ಇದ್ದ ಕಾಯಿಲೆ ಅಲ್ಲ, ನೀವೇನೂ ಮುಚ್ಚಿಟ್ಟಿಲ್ಲ. ಕ್ಲೇಮ್ ಮಾಡಿದಿರಿ ಅನ್ನುವ ಕಾರಣಕ್ಕೆ ರಿನ್ಯೂವಲ್ ನಿಲ್ಲಿಸುವಂತಿಲ್ಲ.)

ನೀವು ಈಗಲೇ ಹೇಳಿಬಿಡಿ. ಈಗಲೇ ಅನ್ನುವುದಕ್ಕೆ ಕಾರಣ ಇದೆ. ಇವತ್ತು ನಿಮ್ಮ ತಲೆ ಮೇಲೆ ಗ್ರೂಪ್ ಪಾಲಿಸಿಯ ಸೂರು ಇದೆ. ಕಂಪನಿ ಪ್ರೀಮಿಯಂ ಏರಿಸಬಹುದು, ಎಚ್‌ಐವಿಗೆ ಹೊಸದಾಗಿ ಕಾಯುವ ಅವಧಿ ಹಾಕಬಹುದು. ಕೆಟ್ಟ ಪಕ್ಷ ಪಾಲಿಸಿ ರದ್ದು ಮಾಡಬಹುದು. ರದ್ದಾದರೂ ಹೊಸದನ್ನು ಹುಡುಕಲು ನಿಮಗೆ ಒಂದು ವರ್ಷ ಇದೆ. ಕೆಲಸ ಬಿಟ್ಟ ಮೇಲೆ, ಆಸ್ಪತ್ರೆ ಮಂಚದ ಮೇಲೆ ಮಲಗಿದ್ದಾಗ ಇದೇ ವಿಷಯ ಹೊರಬಿದ್ದರೆ ಆ ವರ್ಷ ನಿಮ್ಮ ಹತ್ತಿರ ಇರುವುದಿಲ್ಲ.

ಪತ್ರ ಚಿಕ್ಕದಾಗಿರಲಿ. ಪಾಲಿಸಿ ನಂಬರ್, ಎಚ್‌ಐವಿ ಪತ್ತೆಯಾದ ತಿಂಗಳು ಮತ್ತು ವರ್ಷ, ಈಗಿನ ಚಿಕಿತ್ಸೆ, "ಅರ್ಜಿ ಹಾಕುವಾಗ ಇದನ್ನು ತಿಳಿಸಿರಲಿಲ್ಲ, ದಾಖಲೆಗೆ ಸೇರಿಸಿಕೊಳ್ಳಿ" ಅನ್ನುವ ಒಂದು ಸಾಲು, ಕೊನೆಯ ಎರಡು ವೈರಲ್ ಲೋಡ್ ವರದಿ. ಏಜೆಂಟರ ಕೈಗೆ ಕೊಡಬೇಡಿ. ಕಂಪನಿಯ ಇಮೇಲ್‌ಗೆ ನೀವೇ ಕಳಿಸಿ, ಒಂದು ಪ್ರತಿಯನ್ನು ರಿಜಿಸ್ಟರ್ಡ್ ಪೋಸ್ಟಿನಲ್ಲೂ ಹಾಕಿ, ರಸೀದಿ ಎಆರ್‌ಟಿ ಪುಸ್ತಕದ ಜೊತೆ ಇಟ್ಟುಕೊಳ್ಳಿ. ಅವರ ಉತ್ತರ ಬಂದ ಮೇಲೆ ಅದರಲ್ಲಿರುವ ಷರತ್ತುಗಳನ್ನು ನನಗೆ ಬರೆದು ಕಳಿಸಿ, ಒಪ್ಪಬೇಕೋ ಬಿಡಬೇಕೋ ಆಗ ನೋಡೋಣ.